ಕ್ಲೀವನ್‌ನ ಮಂಗಳವಾರಗಳು

ಅಟ್ಲಾಂಟಾ
11 ಜುಲೈ 2004, ಭಾನುವಾರ

ಪ್ರೀತಿಯ ಅರ್ನೆಟಾ ಅಕ್ಕ,

ನೀನು ಫೋನ್ ಮಾಡಿದಾಗ ನಿನ್ನ ಹಿಂದೆ ಇಪ್ಪತ್ತು ಜನ ಸೈನಿಕರು ಸಾಲಾಗಿ ನಿಂತಿರುತ್ತಾರೆ. ನಾನು ಮಾತಿಗೆ ಶುರುಮಾಡುವಷ್ಟರಲ್ಲಿ ನಿನ್ನ ಹೊತ್ತು ಮುಗಿದಿರುತ್ತದೆ. ಅದಕ್ಕೇ ಈ ಪತ್ರ. ಜರ್ಮನಿಯ ಆ ಆಸ್ಪತ್ರೆಯಲ್ಲಿ ನೀನು ಇರಾಕಿನಿಂದ ಬಂದ ಹುಡುಗರ ಗಾಯ ತೊಳೆಯುತ್ತಿರುವಾಗ ನಾನು ಮದುವೆ ಬಟ್ಟೆಯ ಸುದ್ದಿ ಬರೆಯುವುದು ಚೆನ್ನಾಗಿರುವುದಿಲ್ಲ, ಗೊತ್ತು. ಆದರೆ ಅಮ್ಮ ಹೋದ ಮೇಲೆ ನನಗೆ ನಿನ್ನನ್ನು ಬಿಟ್ಟು ಯಾರಿದ್ದಾರೆ?

ನನ್ನ ಮದುವೆ ಅಕ್ಟೋಬರ್ 16, ಶನಿವಾರ. ಚರ್ಚ್ ಕಾದಿರಿಸಿದ್ದಾಯಿತು, ಕೇಕಿಗೆ ಹೇಳಿದ್ದಾಯಿತು. ಕ್ಲೀವನ್ ಎಲ್ಲದಕ್ಕೂ ಹೂಂ ಅನ್ನುತ್ತಾನೆ. ತನ್ನ ಊರಿನ ಚರ್ಚಿನಲ್ಲಿ ಪಿಯಾನೋ ಕೂಡ ಇಲ್ಲ, ಬರೀ ಬಾಯಲ್ಲಿ ಹಾಡುತ್ತಾರೆ, ನಿನ್ನ ಚರ್ಚೇ ಇರಲಿ ಅಂದ. ವೇಕ್ರಾಸ್ ಪಟ್ಟಣದ ಆಚೆಯ ಆ ಹಳ್ಳಿಗೆ ನಾನಿನ್ನೂ ಕಾಲಿಟ್ಟಿಲ್ಲ. ಅಲ್ಲಿನವರ ಪದ್ಧತಿ ಏನೋ ಎಂತೋ.

ಈಗ ಅಸಲು ವಿಷಯಕ್ಕೆ ಬರುತ್ತೇನೆ. ನಾನು ಹೆಂಗಸರ ಕೂದಲು ತಿದ್ದುವ ಈ ಸಲೂನಿನಲ್ಲಿ ಏಪ್ರಿಲ್‌ನಿಂದ ಒಂದೇ ಮಾತು. ಟೀವಿಯಲ್ಲಿ ಒಬ್ಬ ಬಂದು ಹೇಳಿದನಂತೆ, ಮನೆಯಲ್ಲಿ ಹೆಂಡತಿ ಮಕ್ಕಳು, ಹೊರಗೆ ಗುಟ್ಟಾಗಿ ಗಂಡಸರ ಸಹವಾಸ, ನಮ್ಮ ಕಪ್ಪು ಗಂಡಸರಲ್ಲಿ ಇಂಥವರು ಎಲ್ಲೆಲ್ಲೂ ಇದ್ದಾರೆ ಎಂದು. ಅವತ್ತಿನಿಂದ ತಲೆಗೆ ಕ್ರೀಮ್ ಹಚ್ಚಿಸಿಕೊಂಡು ಕೂತವರೆಲ್ಲ ಪತ್ತೇದಾರರೇ. ಅಂಗಡಿಯ ಒಡತಿ ಮಿಸ್ ಓಪಲ್ ಗೊತ್ತಲ್ಲ, ಬಾಯಿಗೆ ಬೀಗವೇ ಇಲ್ಲ. "ಅರ್ಧ ಜನ ಜೈಲಲ್ಲಿ, ಕಾಲು ಭಾಗ ಬಿಳೀ ಹುಡುಗೀರ ಹಿಂದೆ. ಉಳಿದ ಕಾಲು ಭಾಗದಲ್ಲಿ ನಿಂಗೊಬ್ಬ ಸಿಕ್ಕಿದಾನೆ. ಅವನು ಯಾರ ಹಿಂದೆ ಅಂತ ನೋಡ್ಕೊಂಡಿದ್ದೀಯೇನೇ?" ಅಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಆಮೇಲೆ ಅವಳು ಒಂದು ಚೀಟಿಯಲ್ಲಿ ಇಂಥವರ ಎಂಟು ಲಕ್ಷಣಗಳನ್ನು ಬರೆದು ಕನ್ನಡಿಗೆ ಅಂಟಿಸಿದಳು. ಉಗುರು ಚೊಕ್ಕವಾಗಿರುತ್ತದೆ. ಅಂಗಿಗೆ ತಾನೇ ಇಸ್ತ್ರಿ ಹಾಕಿಕೊಳ್ಳುತ್ತಾನೆ. ದಾರಿಯಲ್ಲಿ ಹೋಗುವ ಹೆಂಗಸರನ್ನು ತಿರುಗಿ ನೋಡುವುದಿಲ್ಲ. ಮೈಮೇಲೆ ಬೀಳುವುದಿಲ್ಲ. ಎಂಟರಲ್ಲಿ ಐದು ಕ್ಲೀವನ್‌ಗೆ ಹೊಂದುತ್ತವೆ, ಅಕ್ಕ. ಫೆಬ್ರವರಿಯಲ್ಲಿ ನೀನು ರಜೆಗೆ ಬಂದಾಗ ಇದೇ ಗುಣಗಳನ್ನು ನೋಡಿ "ಇಂಥವನು ಸಿಗೋದು ಕಷ್ಟ, ಬಿಡಬೇಡ" ಅಂದಿದ್ದೆ. ಈಗ ಅವೇ ರೋಗದ ಲಕ್ಷಣ ಆಗಿವೆ.

ನಗುತ್ತೀಯ, ನಗು. ಆದರೆ ಮಂಗಳವಾರದ ಕಥೆ ಕೇಳು. ಬೇರೆ ದಿನಗಳಲ್ಲಿ ನಾಲ್ಕಕ್ಕೆ ಅವನ ಬಸ್ಸು ಓಡಿಸುವ ಪಾಳಿ ಮುಗಿಯುತ್ತದೆ, ಐದಕ್ಕೆ ಸಲೂನಿನ ಮುಂದೆ ನನಗಾಗಿ ಕಾಯುತ್ತಿರುತ್ತಾನೆ. ಮಂಗಳವಾರ ಮಾತ್ರ ಇಲ್ಲ. ಮಾರ್ಚ್‌ನಿಂದ ಹೀಗೇ. ಕೇಳಿದರೆ "ಒಬ್ಬ ಸ್ನೇಹಿತ ಇದಾನೆ" ಅನ್ನುತ್ತಾನೆ. ಹೆಸರು ಹೇಳುವುದಿಲ್ಲ. ಮರುದಿನ ಅವನ ಕಾರಿನಲ್ಲಿ ಎಂಥದೋ ಸೋಪಿನ ವಾಸನೆ.

ಥರ್ಮನ್ ಭಾವ ನಿನ್ನನ್ನು ಬಿಟ್ಟು ಆ ಸವಾನ್ನಾ ಊರಿನ ಹೆಂಗಸಿನ ಹಿಂದೆ ಓಡಿಹೋದಾಗ ನೀನು ಹೇಗೋ ತಡೆದುಕೊಂಡೆ. ನೀನು ಸೋತಿದ್ದಾದರೂ ಒಬ್ಬ ಹೆಂಗಸಿಗೆ. ನನಗೆ ಇಂಥದ್ದೇನಾದರೂ ಆದರೆ ನಾನು ಯಾವ ಮುಖ ಹೊತ್ತು ತಿರುಗಲಿ? ಮುಖ ಹಾಗಿರಲಿ, ನಮ್ಮ ಗಾಯನ ತಂಡದ ಲವಾನ್‌ಗೆ ಗಂಡನಿಂದಲೇ ಎಚ್‌ಐವಿ ಬಂತು. ಇಪ್ಪತ್ತೆರಡು ವರ್ಷದ ಸಂಸಾರ. ಅವಳ ಕೂದಲು ಉದುರುವುದನ್ನು ನಾನೇ ನನ್ನ ಕೈಯಲ್ಲಿ ನೋಡಿದ್ದೇನೆ. ನನಗೆ ನಿಜವಾಗಿ ಭಯವಾಗುತ್ತದೆ.

ನಿನ್ನ ತಂಗಿ
ಜೊನೆಲ್


ಜರ್ಮನಿ
24 ಜುಲೈ 2004

ಜೊನೆಲ್,

ಪತ್ರ ಬಂತು. ನಾಲ್ಕು ದಿನ ನಮಗಿಲ್ಲಿ ಕೂರಲು ಬಿಡುವಿರಲಿಲ್ಲ. ಅಲಬಾಮಾದ ಒಬ್ಬ ಹುಡುಗ ಇದ್ದಾನೆ, ಹತ್ತೊಂಬತ್ತು ವರ್ಷ. ಕಾಲು ಎಲ್ಲಿದೆ ಎಂದು ಕೇಳುತ್ತಲೇ ಇರುತ್ತಾನೆ. ಉತ್ತರ ಹೇಳುವ ಕೆಲಸ ನನ್ನ ಪಾಲಿಗೆ ಬಂತು.

ಓಪಲ್ ಮೂವರು ಗಂಡಂದಿರನ್ನು ಬಿಟ್ಟವಳು. ಗಂಡಸರ ವಿಷಯದಲ್ಲಿ ಅವಳ ಮಾತು ಕೇಳಬೇಡ. ಆ ಚೀಟಿಯನ್ನು ಹರಿದು ಬಿಸಾಡು. ಉಗುರು ಚೊಕ್ಕವಾಗಿರುವುದು ತಪ್ಪಾದರೆ ನಮ್ಮಪ್ಪನನ್ನೂ ಅನುಮಾನಿಸಬೇಕಿತ್ತು.

ಬಟ್ಟೆಯ ಬಣ್ಣ ಯಾವುದು ಎಂದು ಬರೆಯಲೇ ಇಲ್ಲ. ನನಗೆ ಹಳದಿ ಕೊಡಿಸಬೇಡ. ರಜೆಗೆ ಅರ್ಜಿ ಹಾಕಿದ್ದೇನೆ.

ನಿನ್ನ ಅಕ್ಕ
ಅರ್ನೆಟಾ


ಅಟ್ಲಾಂಟಾ
8 ಆಗಸ್ಟ್ 2004

ಅಕ್ಕ,

ಎಲ್ಲಕ್ಕೂ ಉತ್ತರ ಬರೆದೆ, ಮಂಗಳವಾರದ ಬಗ್ಗೆ ಒಂದಕ್ಷರ ಬರೆಯಲಿಲ್ಲ. ಮರೆತೆಯಾ, ಅಥವಾ ನಿನಗೂ ಏನೋ ಅನ್ನಿಸಿ ನನ್ನನ್ನು ನೋಯಿಸಬಾರದು ಎಂದು ಬಿಟ್ಟೆಯಾ? ನಿನ್ನ ಮೌನ ಓದಿ ಓದಿ ನನಗೆ ಅಭ್ಯಾಸವಾಗಿದೆ. ಅಮ್ಮನ ಕಾಯಿಲೆಯ ಸುದ್ದಿಯನ್ನೂ ನೀನು ಹೀಗೇ ನುಂಗಿಕೊಂಡಿದ್ದೆ.

ನಾನೇನೂ ಹುಡುಕಲು ಹೋಗಲಿಲ್ಲ. ಸುಳ್ಳು, ಹುಡುಕಿದೆ. ಅವನು ಪೆಟ್ರೋಲ್ ಹಾಕಿಸಲು ಇಳಿದಾಗ ಡಿಕ್ಕಿ ತೆರೆದೆ. ಒಂದು ಪ್ಲಾಸ್ಟಿಕ್ ಬುಟ್ಟಿ. ಅದರಲ್ಲಿ ಮಡಿಸಿಟ್ಟ ಬಿಳೀ ಟವೆಲ್‌ಗಳು, ಒಂದು ಬಾಟಲಿ ಎಣ್ಣೆ, ಆ ಸೋಪು. ಒಂದು ಜೊತೆ ಗಂಡಸರ ಚಪ್ಪಲಿ, ಮೆತ್ತನೆಯದು, ಮನೆಯೊಳಗೆ ಹಾಕುವಂಥದ್ದು. ಅವನ ಅಳತೆಯದಲ್ಲ.

ನಾನು ಡಿಕ್ಕಿ ಮುಚ್ಚಿ ಕೂತೆ. ಅವನು ಬಂದು ನನಗೆ ಇಷ್ಟ ಎಂದು ಹುರಿದ ಪೀಕನ್ ಬೀಜದ ಪೊಟ್ಟಣ ಕೊಟ್ಟ. "ಯಾಕೆ, ಮುಖ ಹಿಂಗಿದೆ? ಹುಷಾರಿಲ್ವಾ?" ಅಂದ. ಬಾಯಿ ತೆರೆದರೆ ಏನು ಹೊರಬರುತ್ತದೋ ಎಂದು ಬೀಜ ತುಂಬಿಕೊಂಡೆ.

ಮಿಸ್ ಓಪಲ್‌ಗೆ ಹೇಳಿದೆ. ಹೇಳಬಾರದಿತ್ತು. "ಎಣ್ಣೆ? ಟವೆಲ್ಲು? ಇನ್ನೇನು ಬೇಕೇ ನಿಂಗೆ, ಅವರು ಸಹಿ ಹಾಕಿ ಕೊಡಬೇಕಾ?" ಅಂದಳು. ಡ್ರೈಯರ್ ಕೆಳಗೆ ಕೂತಿದ್ದ ಇಬ್ಬರು ತಲೆ ಹೊರಗೆ ಚಾಚಿ ಕೇಳಿಸಿಕೊಂಡರು.

ನನಗೆ ಒಂದೇ ಮಾತು ಬರೆ. ನಿನ್ನ ಮನಸ್ಸಿನಲ್ಲಿ ಅವನು ಎಂಥವನು?

ಜೊನೆಲ್


ಜರ್ಮನಿ
21 ಆಗಸ್ಟ್ 2004

ಜೊನೆಲ್,

ಕ್ಲೀವನ್ ಒಳ್ಳೆಯವನು. ಇದನ್ನು ನಾನು ಊಹೆಯಿಂದ ಬರೆಯುತ್ತಿಲ್ಲ.

ಸ್ನೇಹಿತ ಇದ್ದಾನೆ ಅಂದನಲ್ಲ, ಇದ್ದಾನೆ ಅಂದುಕೋ. ಅಲ್ಲಿಗೆ ನಿಲ್ಲಿಸು. ಅವನ ಹಿಂದೆ ಹೋಗಬೇಡ. ಡಿಕ್ಕಿ ತೆರೆಯಬೇಡ. ಮುಖ್ಯವಾಗಿ ಆ ಅಂಗಡಿಯಲ್ಲಿ ಬಾಯಿ ಬಿಡಬೇಡ. ಅಲ್ಲಿ ಮಂಗಳವಾರ ಆಡಿದ ಮಾತು ಭಾನುವಾರದ ಹೊತ್ತಿಗೆ ಚರ್ಚಿನ ಪ್ರತಿ ಬೆಂಚಿನಲ್ಲೂ ಇರುತ್ತದೆ.

ಇನ್ನೊಂದು ವಿಷಯ ಬರೆಯಬೇಕು ಎಂದು ಎರಡು ಹಾಳೆ ಹಾಳು ಮಾಡಿದೆ. ಈಗ ಬೇಡ. ಕೆಲಸಕ್ಕೆ ಕರೆಯುತ್ತಿದ್ದಾರೆ.

ಅರ್ನೆಟಾ


ಅಟ್ಲಾಂಟಾ
1 ಸೆಪ್ಟೆಂಬರ್ 2004, ಬುಧವಾರ

ಅಕ್ಕ,

ಹಿಂದೆ ಹೋಗಬೇಡ ಅಂದೆ. ಹೋದೆ. ಆ ಮಾತನ್ನು ನೀನು ಅಷ್ಟು ಒತ್ತಿ ಬರೆಯದಿದ್ದರೆ ಬಹುಶಃ ಹೋಗುತ್ತಿರಲಿಲ್ಲ.

ನಿನ್ನೆ ಸಂಜೆ ಸಲೂನಿನ ಗೆಳತಿಯ ಕಾರು ಇಸಕೊಂಡು ಹೊರಟೆ. ಅವನು ಈಸ್ಟ್ ಪಾಯಿಂಟ್‌ನ ಒಂದು ಸಣ್ಣ ಇಟ್ಟಿಗೆ ಮನೆಯ ಮುಂದೆ ನಿಲ್ಲಿಸಿ, ಆ ಬುಟ್ಟಿ ತೆಗೆದುಕೊಂಡು, ಬಾಗಿಲು ತಟ್ಟದೆ ಒಳಗೆ ಹೋದ. ಅವನ ಹತ್ತಿರ ಬೀಗದ ಕೈ ಇತ್ತು. ಆರೂವರೆ, ಇನ್ನೂ ಚೆನ್ನಾಗಿ ಬಿಸಿಲಿತ್ತು. ನಾನು ಮನೆಯ ಪಕ್ಕಕ್ಕೆ ಹೋದೆ. ಅಡುಗೆಮನೆಯ ಕಿಟಕಿಗೆ ಅರ್ಧ ಪರದೆ.

ಒಬ್ಬ ಗಂಡಸು ನನ್ನ ಕಡೆ ಬೆನ್ನು ಮಾಡಿ ಕುರ್ಚಿಯಲ್ಲಿ ಕೂತಿದ್ದ. ತೆಳ್ಳಗೆ, ಬೋಳುತಲೆ, ಮೈಮೇಲೆ ಬನಿಯನ್ ಮಾತ್ರ. ಕ್ಲೀವನ್ ಅವನ ಮುಂದೆ ಮಂಡಿಯೂರಿದ್ದ. ಸೊಂಟಕ್ಕೆ ಬಿಳೀ ಟವೆಲ್ ಕಟ್ಟಿಕೊಂಡಿದ್ದ. ಬೋಗುಣಿಯಲ್ಲಿ ನೀರು. ಆ ಮನುಷ್ಯನ ಪಾದವನ್ನು ಎರಡೂ ಕೈಯಲ್ಲಿ ಹಿಡಿದು ತೊಳೆಯುತ್ತಿದ್ದ. ನಿಧಾನಕ್ಕೆ, ಬೆರಳು ಬೆರಳಿಗೂ. ಅವನು ಹಾಡುತ್ತಿದ್ದ, ಅಕ್ಕ. ನನ್ನ ಮುಂದೆ ಅವನು ಎಂದೂ ಹಾಡಿಲ್ಲ. ಆಮೇಲೆ ಪಾದ ಒರೆಸಿ, ಎಣ್ಣೆ ಹಚ್ಚಿ, ಎದ್ದು ಆ ಮನುಷ್ಯನನ್ನು ತಬ್ಬಿಕೊಂಡ. ಕ್ಲೀವನ್ ಕೆನ್ನೆಯ ಮೇಲೆ ಕಣ್ಣೀರಿತ್ತು. ಎಷ್ಟು ಹೊತ್ತು ಹಾಗೇ ಇದ್ದರೋ ನನಗೆ ಗೊತ್ತಿಲ್ಲ, ಅಷ್ಟರಲ್ಲಿ ನಾನು ಕಾರಿನಲ್ಲಿದ್ದೆ.

ಹಾಸಿಗೆಯಲ್ಲಿ ಸಿಕ್ಕಿಬಿದ್ದಿದ್ದರೆ ಕೂಗಾಡುತ್ತಿದ್ದೆ. ಇದು ಅದಕ್ಕಿಂತ ಕೆಟ್ಟದ್ದು. ಅದು ಪ್ರೀತಿ, ಅಕ್ಕ. ನಾನು ಕುರುಡಿಯಲ್ಲ. ನನ್ನ ಪಾದವನ್ನು ಯಾರೂ ಹಾಗೆ ಹಿಡಿದಿಲ್ಲ.

ಇವತ್ತು ಒಬ್ಬಳ ಕಿವಿ ಸುಟ್ಟೆ, ಕೂದಲು ನೆಟ್ಟಗೆ ಮಾಡುವ ಬಿಸಿ ಬಾಚಣಿಗೆ ತಾಗಿಸಿ. ಕ್ಲೀವನ್ ಎರಡು ಸಲ ಫೋನ್ ಮಾಡಿದ. ಜ್ವರ ಅಂದೆ. "ಸೂಪ್ ತರ್ಲಾ?" ಅಂದ. ಬೇಡ ಅಂದೆ.

ಆರು ವಾರ ಇದೆ ಮದುವೆಗೆ. ನಾನೇನು ಮಾಡಲಿ ಹೇಳು.

ಜೊನೆಲ್


ಜರ್ಮನಿ
3 ಸೆಪ್ಟೆಂಬರ್ 2004

ಜೊನೆಲ್,

ರಜೆ ಸಿಕ್ಕಿತು. ಅಕ್ಟೋಬರ್ 10ಕ್ಕೆ ಬರುತ್ತೇನೆ. ಬಂದ ದಿನವೇ ನಿನ್ನೊಂದಿಗೆ ಕೂತು ಒಂದು ವಿಷಯ ಹೇಳಬೇಕು. ಕ್ಲೀವನ್‌ಗೆ ಸಂಬಂಧಪಟ್ಟದ್ದು, ನನಗೂ ಸಂಬಂಧಪಟ್ಟದ್ದು. ಕಾಗದದಲ್ಲಿ ಬರೆಯುವಂಥದ್ದಲ್ಲ. ಅಲ್ಲಿಯವರೆಗೆ ತಾಳ್ಮೆಯಿಂದ ಇರು, ನನಗಾಗಿ.

ಅಲಬಾಮಾದ ಹುಡುಗನನ್ನು ಊರಿಗೆ ಕಳಿಸಿದರು. ಹೋಗುವಾಗ ನಕ್ಕ.

ಅರ್ನೆಟಾ


ಅಟ್ಲಾಂಟಾ
6 ಸೆಪ್ಟೆಂಬರ್ 2004, ಸೋಮವಾರ

ಅಕ್ಕ,

ಆಗಿಹೋಯಿತು.

ನಿನ್ನೆ ಚರ್ಚಿಗೆ ಹೋಗುವಾಗ ನನ್ನ ಮನಸ್ಸಿನಲ್ಲಿ ಏನೂ ಇರಲಿಲ್ಲ, ದೇವರಾಣೆ. ಸಾಕ್ಷಿ ಹೇಳುವ ಹೊತ್ತು ಬಂತು. ಒಬ್ಬರಾದ ಮೇಲೆ ಒಬ್ಬರು ಎದ್ದು ದೇವರು ಈ ವಾರ ತಮಗೆ ಏನು ಮಾಡಿದ ಎಂದು ಹೇಳಿದರು. ಒಬ್ಬಳ ಮಗನಿಗೆ ಕೆಲಸ ಸಿಕ್ಕಿತು, ಒಬ್ಬರ ಮೈಯಲ್ಲಿನ ಗಂಟು ಕ್ಯಾನ್ಸರ್ ಅಲ್ಲ, ಬರೀ ಕೊಬ್ಬು ಎಂದು ಡಾಕ್ಟರು ಹೇಳಿದರು. ಆಮೇಲೆ ನೋಡುತ್ತೇನೆ, ನಾನು ನಿಂತಿದ್ದೇನೆ.

"ದೇವರು ನನ್ನ ಕಣ್ಣು ತೆರೆಸಿದ. ಮದುವೆ ಆದ್ಮೇಲಲ್ಲ, ಮುಂಚೆನೇ ತೆರೆಸಿದ. ನನ್ನ ಗಂಡ ಆಗ್ಬೇಕಾದವನು ಇನ್ನೊಬ್ಬ ಗಂಡಸಿನ ಕಾಲ ಬುಡದಲ್ಲಿ ಇರೋದನ್ನ ನಾನು ಕಣ್ಣಾರೆ ನೋಡ್ದೆ. ನಾನು ಬಚಾವಾದೆ" ಅಂದೆ.

ಮೊದಲು ಮಿಸ್ ಓಪಲ್ ಚಪ್ಪಾಳೆ ಹೊಡೆದಳು. ಹಿಂದೆಯೇ ಎಲ್ಲರೂ. ಆರ್ಗನ್ ನುಡಿಸುವವನು ಅಭ್ಯಾಸದಂತೆ ನನ್ನ ಮಾತಿಗೆ ಸ್ವರ ಸೇರಿಸಿದ. ಹೆಂಗಸರು ಬಂದು ನನ್ನ ಬೆನ್ನು ಸವರಿದರು. ಲವಾನ್ ನನ್ನನ್ನು ಹಿಡಿದುಕೊಂಡು ಗೊಳೋ ಎಂದು ಅತ್ತಳು.

ಕ್ಲೀವನ್ ಬಾಗಿಲ ಹತ್ತಿರ ನಿಂತಿದ್ದ. ಬಿಳೀ ಕೈಗವಸು ಹಾಕಿಕೊಂಡು ಜನರನ್ನು ಕೂರಿಸುವ ಸೇವೆ ಅವನದು, ನನಗೋಸ್ಕರ ಒಪ್ಪಿಕೊಂಡದ್ದು. ಅವನ ಕೈಯಲ್ಲಿ ಇನ್ನೂ ಜನರಿಗೆ ಹಂಚುವ ಬೀಸಣಿಗೆಗಳ ಕಟ್ಟು ಇತ್ತು. ಅದನ್ನು ಹಿಂದಿನ ಬೆಂಚಿನ ಮೇಲಿಟ್ಟ. ಕೈಗವಸು ತೆಗೆದು ಅದರ ಮೇಲಿಟ್ಟ. ಅವನ ಪಕ್ಕದಲ್ಲಿದ್ದ ತಂದೆಯೊಬ್ಬ ತನ್ನ ಮಗನನ್ನು ಎಳೆದು ಆಚೆ ಕೂರಿಸಿಕೊಂಡ. ಅದನ್ನು ಕ್ಲೀವನ್ ನೋಡಿದ. ನಾನೂ ನೋಡಿದೆ.

ಹೊರಗೆ ಅವನ ಕಾರಿನವರೆಗೆ ಓಡಿದೆ. ಒಂದು ಸುಳ್ಳಾದರೂ ಹೇಳಲಿ ಎಂದು ಆಸೆಯಿತ್ತು. "ಅಲ್ಲ ಅನ್ನು. ಒಂದ್ಸಲ ಅಲ್ಲ ಅನ್ನು" ಎಂದು ಕೂಗಿದೆ. ಅವನು ಬೀಗದ ಕೈ ತಿರುಗಿಸುತ್ತ, "ನಾನು ಮಾತು ಕೊಟ್ಟಿದೀನಿ, ಜೊನೆಲ್. ನಿಮ್ಮಕ್ಕನ್ನ ಕೇಳು" ಅಂದ. ಅಷ್ಟೇ ಮಾತು. ಹೋದ.

ನಿನ್ನನ್ನು ಕೇಳಬೇಕಂತೆ. ನಿನ್ನನ್ನು ಯಾಕೆ, ಅಕ್ಕ? ನಿನಗೆ ಮೊದಲೇ ಗೊತ್ತಿತ್ತಾ ಅವನು ಇಂಥವನು ಎಂದು? ಗೊತ್ತಿದ್ದೂ ಬಿಡಬೇಡ ಅಂದೆಯಾ? ರಾತ್ರಿಯಿಡೀ ಇದನ್ನೇ ಯೋಚಿಸಿದೆ. ಬೆಳಿಗ್ಗೆ ಅವನ ತಾಯಿ ಊರಿನಿಂದ ಫೋನ್ ಮಾಡಿದರು. "ನನ್ ಮಗ ಏನು ಮಾಡ್ದ ಅಂತ ನೀನೇ ಹೇಳವ್ವಾ. ಅವನು ಬಾಯೇ ಬಿಡ್ತಿಲ್ಲ" ಅಂದರು. ಫೋನ್ ಇಟ್ಟುಬಿಟ್ಟೆ.

ಜೊನೆಲ್


ಜರ್ಮನಿ
17 ಸೆಪ್ಟೆಂಬರ್ 2004

ಜೊನೆಲ್,

ನಿನ್ನ ಎರಡೂ ಪತ್ರ ಒಂದೇ ದಿನ ಬಂದವು. ಒಂದನ್ನು ಓದಿ, ಮದುವೆ ಮುರಿಯುವ ಮೊದಲು ನಿನಗೆ ಫೋನ್ ಮಾಡಬೇಕೆಂದು ಎದ್ದೆ. ಎರಡನೆಯದನ್ನು ಒಡೆದು ಮತ್ತೆ ಕೂತೆ.

ಆ ಅಡುಗೆಮನೆಯಲ್ಲಿ ನೀನು ನೋಡಿದ ಬೆನ್ನು ಥರ್ಮನ್‌ದು.

ಸವಾನ್ನಾ ಹೆಂಗಸು ಎಂಬುವಳು ಇಲ್ಲ. ಅವಳನ್ನು ನಾನು ಹುಟ್ಟಿಸಿದೆ. ಯಾರಾದರೂ ಕೇಳಿದರೆ ಇರಲಿ ಎಂದು ಅವಳಿಗೊಂದು ಹೆಸರೂ ಇಟ್ಟಿದ್ದೆ. ಹೆಂಗಸಿಗೆ ಸೋತವಳನ್ನು ಕಂಡರೆ ಜನ ಅಯ್ಯೋ ಅನ್ನುತ್ತಾರೆ. ನನ್ನಂತೆ ಗಂಡಸಿಗೆ ಸೋತವಳನ್ನು ಕಂಡರೆ ನಗುತ್ತಾರೆ, ಇಲ್ಲವೇ ಬೆಂಚಿನಲ್ಲಿ ಸ್ವಲ್ಪ ದೂರ ಸರಿದು ಕೂರುತ್ತಾರೆ. ಥರ್ಮನ್ ತಾನಾಗಿಯೇ ಬಂದು ನನ್ನ ಮುಂದೆ ಕೂತು ಹೇಳಿದ. ಅಳುತ್ತ ಹೇಳಿದ, ತನ್ನ ಮನಸ್ಸು ಗಂಡಸರ ಕಡೆಗೆ, ಅದು ಹದಿನೇಳು ವರ್ಷದಿಂದ ತನಗೆ ಗೊತ್ತಿತ್ತು ಎಂದು. ನಾನು ಅವನ ಬಟ್ಟೆಯನ್ನು ಕಸದ ಚೀಲಗಳಿಗೆ ತುಂಬಿ ಅಂಗಳಕ್ಕೆ ಎಸೆದೆ, ಆಮೇಲೆ ಸೈನ್ಯಕ್ಕೆ ಸೇರಿದೆ. ನೀವೆಲ್ಲ ನನ್ನನ್ನು ಧೈರ್ಯವಂತೆ ಅಂದಿರಿ.

ಫೆಬ್ರವರಿಯಲ್ಲಿ ರಜೆಗೆ ಬಂದಾಗ ಅವನ ತಂಗಿ ಫೋನ್ ಮಾಡಿದಳು. ಎಚ್‌ಐವಿ, ತಡವಾಗಿ ಗೊತ್ತಾಯಿತಂತೆ. ಕಣ್ಣು ಮಂಜು, ಪಾದಗಳಲ್ಲಿ ಸ್ಪರ್ಶವೇ ಇಲ್ಲ, ಹುಣ್ಣಾದರೂ ಗೊತ್ತಾಗುವುದಿಲ್ಲ. ಮನೆಯವರು ಬಾಗಿಲ ಹೊರಗೆ ಊಟದ ಡಬ್ಬಿ ಇಟ್ಟು ಹೋಗುತ್ತಾರೆ ಅಂದಳು. ನಾನು ನರ್ಸ್. ಇಲ್ಲಿ ದಿನಕ್ಕೆ ನಲವತ್ತು ಗಾಯ ಮುಟ್ಟುತ್ತೇನೆ. ಆ ಮನೆಗೆ ಹೋಗಲು ನನ್ನಿಂದ ಆಗಲಿಲ್ಲ. ವಿಮಾನ ನಿಲ್ದಾಣಕ್ಕೆ ಬಿಡಲು ಬಂದ ಕ್ಲೀವನ್ ಮುಂದೆ ಅತ್ತುಬಿಟ್ಟೆ, ಎಲ್ಲ ಹೇಳಿದೆ. ವಾರಕ್ಕೊಮ್ಮೆ ದಿನಸಿ, ಔಷಧಿ ಕೊಟ್ಟು ಬಾ ಎಂದು ಬೇಡಿಕೊಂಡೆ. ಜೊನೆಲ್‌ಗೆ ತಿಳಿಯಬಾರದು, ಅವಳಿಗೆ ತಿಳಿದರೆ ಸಲೂನಿಗೆ ತಿಳಿಯುತ್ತದೆ ಅಂದೆ. ಅವನು ಮಾತು ಕೊಟ್ಟ.

ಕಾಲು ತೊಳೆಯುವುದನ್ನು ನಾನು ಹೇಳಿರಲಿಲ್ಲ. ಅದು ಅವನದೇ. ಅವನ ಹಳ್ಳಿಯ ಚರ್ಚಿನಲ್ಲಿ ವರ್ಷಕ್ಕೊಂದು ಭಾನುವಾರ ರೊಟ್ಟಿ, ದ್ರಾಕ್ಷಾರಸ ಆದ ಮೇಲೆ ಗಂಡಸರು ಗಂಡಸರ ಕಾಲು ತೊಳೆಯುತ್ತಾರೆ, ಹೆಂಗಸರು ಹೆಂಗಸರ ಕಾಲು. ಸೊಂಟಕ್ಕೆ ಟವೆಲ್ ಕಟ್ಟಿಕೊಂಡು, ಹಾಡುತ್ತ. ಆಮೇಲೆ ಇಬ್ಬರೂ ತಬ್ಬಿಕೊಂಡು ಅಳುತ್ತಾರೆ. ಚಿಕ್ಕಂದಿನಿಂದ ಅವನಿಗೆ ಅದು ದೇವರ ಕೆಲಸ. ತನಗೆ ಯಾವ ಚರ್ಚಿನ ಬಾಗಿಲೂ ತೆರೆದಿಲ್ಲ ಎಂದು ಥರ್ಮನ್ ಅಂದನಂತೆ, ಅದಕ್ಕೆ ಕ್ಲೀವನ್ ಬೋಗುಣಿ ತೆಗೆದುಕೊಂಡು ಹೋದ. ಮೇ ತಿಂಗಳಲ್ಲಿ ಒಂದು ಪುಟ್ಟ ಪತ್ರದಲ್ಲಿ ನನಗೆ ಬರೆದಿದ್ದ.

ನಾನು ಬರೆದ ಮೂರು ಪತ್ರಗಳಲ್ಲಿ ಯಾವುದರಲ್ಲಾದರೂ ಒಂದು ವಾಕ್ಯ ಸಾಕಿತ್ತು. ಅವನು ನಿನ್ನ ಭಾವನನ್ನು ನೋಡಲು ಹೋಗುತ್ತಾನೆ, ಅಷ್ಟೇ. ಪ್ರತಿ ಸಲವೂ ಪೆನ್ನು ಹಿಡಿದು ನನ್ನ ಮಾನ ಉಳಿಸಿಕೊಂಡೆ. ಕಳೆದದ್ದು ನಿನ್ನದು, ಅವನದು.

ಅರ್ನೆಟಾ


ಅಟ್ಲಾಂಟಾ
2 ಅಕ್ಟೋಬರ್ 2004

ಅರ್ನೆಟಾ,

ಅಕ್ಕ ಎಂದು ಬರೆಯಲು ಕೈ ಬರುತ್ತಿಲ್ಲ.

ಅಪ್ಪ ತೀರಿಕೊಂಡ ದಿನ ನಾನು ಥರ್ಮನ್ ಭಾವನ ಬೆನ್ನಿಗೆ ಮುಖ ಒತ್ತಿ ಅತ್ತಿದ್ದೆ. ಬಾಗಿಲಿನಷ್ಟು ಅಗಲದ ಬೆನ್ನು. ಅದೇ ಬೆನ್ನು ಎಂದು ನನಗೆ ಗುರುತು ಸಿಗಲಿಲ್ಲ. ನಾನು ನೋಡಿದ್ದು ಬೇರೆಯವರು ಹೇಳಿಕೊಟ್ಟಂತೆ, ಓಪಲ್ ಹೇಳಿಕೊಟ್ಟಂತೆ.

ಆದರೆ ತಪ್ಪು ನನ್ನೊಬ್ಬಳದಲ್ಲ. ನೀವಿಬ್ಬರೂ ಸೇರಿ ನನ್ನನ್ನು ಬಾಯಿಬಡುಕಿ ಎಂದು ತೀರ್ಮಾನ ಮಾಡಿದಿರಿ, ಬಾಗಿಲ ಹೊರಗೆ ನಿಲ್ಲಿಸಿದಿರಿ. ಹೊರಗೆ ನಿಂತವಳು ಕಿಟಕಿಯಲ್ಲಿ ನೋಡದೆ ಇನ್ನೇನು ಮಾಡುತ್ತಾಳೆ?

ಬಸ್ ಡಿಪೋದಲ್ಲಿ ಯಾರೋ ಕ್ಲೀವನ್‌ನ ಲಾಕರಿಗೆ ಲಿಪ್‌ಸ್ಟಿಕ್ ಬಳಿದಿದ್ದಾರೆ. ಇದು ನಾನು ಎದ್ದು ನಿಂತು ಮಾಡಿದ ಕೆಲಸ. ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ, ಆದರೂ ಒಂದು ಕೇಳಲೇಬೇಕು. ನಿನಗೆ ಏನೂ ಆಗಿಲ್ಲ ತಾನೇ? ನೀನು ಅದನ್ನೂ ಮುಚ್ಚಿಟ್ಟಿಲ್ಲ ತಾನೇ?

ಜೊನೆಲ್


ಜರ್ಮನಿ
11 ಅಕ್ಟೋಬರ್ 2004

ಜೊನೆಲ್,

ನನಗೇನೂ ಇಲ್ಲ. ಎರಡು ವರ್ಷ ಕಾಲ, ಮೂರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ ಮಾಡಿಸಿದೆ, ಪ್ರತಿ ಸಲವೂ ಒಬ್ಬಳೇ ಕಾದೆ. ಈ ಸಲ ಸುಳ್ಳಲ್ಲ.

ರಜೆಯನ್ನು ಬೇರೆಯವಳಿಗೆ ಬಿಟ್ಟುಕೊಟ್ಟೆ. ಮದುವೆಯೇ ಇಲ್ಲದ ಮೇಲೆ ಎಂದು ಕಾರಣ ಬರೆದೆ. ನಿಜವಾಗಿ ಭಯ.

ನೀನು ಚರ್ಚಿನಲ್ಲಿ ಮತ್ತೆ ಎದ್ದು ನಿಲ್ಲು. ಕ್ಲೀವನ್ ಅಂಥವನಲ್ಲ, ನಾನು ತಪ್ಪು ತಿಳಿದೆ ಎಂದು ಹೇಳು. ನನ್ನ ಹೆಸರು, ಥರ್ಮನ್ ಹೆಸರು, ಎಲ್ಲ ಹೇಳು. ನನ್ನ ಮಾನ ಇನ್ನು ಯಾರಿಗೂ ಬೇಡ. ಅವನು ನಿನಗೆ ವಾಪಸ್ ಸಿಕ್ಕರೆ ಸಾಕು.

ಅರ್ನೆಟಾ


ಅಟ್ಲಾಂಟಾ
7 ನವೆಂಬರ್ 2004, ಭಾನುವಾರ

ಅಕ್ಕ,

ಸಿಟ್ಟು ಇನ್ನೂ ಇದೆ. ಅದರ ಪಕ್ಕದಲ್ಲೇ ಕೂತು ಬರೆಯುತ್ತಿದ್ದೇನೆ.

ಮದುವೆಯಾಗಬೇಕಿದ್ದ ಶನಿವಾರ ನಾನು ಕ್ಲೀವನ್‌ನ ಬಸ್ ಹತ್ತಿದೆ. ಟಿಕೆಟ್ ತೋರಿಸಿದೆ, ಎಲ್ಲರಿಗೂ ಹೇಳುವಂತೆ "ಥ್ಯಾಂಕ್ಯೂ ಮೇಡಂ" ಅಂದ. ಕೊನೆಯ ನಿಲ್ದಾಣದವರೆಗೆ ಹಿಂದೆ ಕೂತಿದ್ದೆ. ಅಲ್ಲಿ ಅವನಿಗೆ ಹತ್ತು ನಿಮಿಷ ಬಿಡುವು. ಎಲ್ಲ ಬಿಚ್ಚಿ ಬರೆದಿದ್ದ ನಿನ್ನ ಸೆಪ್ಟೆಂಬರ್ ಪತ್ರ ಕೊಟ್ಟೆ, ಪೂರ್ತಿ ಓದಿದ. ಕ್ಷಮೆ ಕೇಳಿದೆ. ಮುಂದಿನ ಭಾನುವಾರ ಚರ್ಚಿನಲ್ಲಿ ನಿಂತು ಎಲ್ಲ ಸರಿಮಾಡುತ್ತೇನೆ ಅಂದೆ.

"ಏನಂತ ಹೇಳ್ತೀಯ?"

"ನೀನು ಅಂಥವನಲ್ಲ ಅಂತ."

"ಹಂಗಂದ್ರೆ ಅವರು ಮತ್ತೆ ಚಪ್ಪಾಳೆ ಹೊಡೀತಾರೆ. ಥರ್ಮನ್ ಅಣ್ಣ ಏನು ಮಾಡ್ಬೇಕು ಆಗ? ಅವನು ಅಂಥವನೇ ಅಲ್ವಾ?" ಅಂದ. ಕೂಗಿ ಹೇಳಲಿಲ್ಲ. ಪತ್ರ ಮಡಿಸಿ ಕೊಟ್ಟು, ಬಸ್ಸಿನ ಬಾಗಿಲು ತೆರೆದ. ಜನ ಹತ್ತಲು ಕಾಯುತ್ತಿದ್ದರು.

ಆ ಮಂಗಳವಾರ ಕ್ಲೀವನ್ ಬರುವ ಮೊದಲೇ, ಬೆಳಿಗ್ಗೆ, ನಾನೇ ಈಸ್ಟ್ ಪಾಯಿಂಟ್‌ಗೆ ಹೋದೆ. ಈ ಸಲ ಮುಂಬಾಗಿಲಿಗೆ. ಭಾವ ಕಣ್ಣು ಕಿರಿದು ಮಾಡಿ ನೋಡಿದರು, ಯಾರು ಎಂದು ತಿಳಿಯಲಿಲ್ಲ. ಮಾತಾಡಿದ ಮೇಲೆ "ನಮ್ಮ ಜೊನೆಲ್ ಪುಟ್ಟಿ ಏನೇ? ಇನ್ನೂ ಮೂಗಲ್ಲೇ ಮಾತಾಡ್ತೀಯಲ್ಲೇ" ಅಂದರು. ಎಲ್ಲ ಹೇಳಿದೆ, ಕಿಟಕಿಯದ್ದೂ ಸೇರಿಸಿ. "ಪಾಪ, ಹೆದರ್ಕೊಂಡಿರ್ತೀಯ" ಅಂದರು. ನನ್ನನ್ನು ಬೈದಿದ್ದರೆ ಚೆನ್ನಾಗಿತ್ತು. ಆಮೇಲೆ ನೀನು ಹೇಗಿದ್ದೀಯ, ಊಟ ಸರಿಯಾಗಿ ಮಾಡುತ್ತೀಯಾ ಎಂದು ಕೇಳಿದರು. ಅರ್ನೆಟಾ ನನ್ನ ವಿಷಯ ಕೇಳ್ತಾಳಾ ಅಂದರು. ಕೇಳ್ತಾಳೆ, ಪ್ರತಿ ಪತ್ರದಲ್ಲೂ ಕೇಳ್ತಾಳೆ ಅಂದೆ. ನೀನು ಒಂದು ಸಲವೂ ಕೇಳಿಲ್ಲ. ಈಗ ಬರೆ. ನನ್ನನ್ನು ಸುಳ್ಳಿಯಾಗಿ ಉಳಿಸಬೇಡ.

ಹೋದ ಭಾನುವಾರ ಚರ್ಚಿನಲ್ಲಿ ಎದ್ದು ನಿಂತೆ. "ಒಬ್ಬ ಮನುಷ್ಯ ಒಬ್ಬ ರೋಗಿಯ ಕಾಲು ತೊಳೀತಿದ್ದ. ಅದನ್ನ ನಾನು ಪಾಪದ ಕೆಲಸ ಅಂದೆ. ನೀವು ಚಪ್ಪಾಳೆ ಹೊಡೆದ್ರಿ. ನಾವೆಲ್ಲ ಸೇರಿ ತಪ್ಪು ಮಾಡಿದ್ವಿ" ಅಂದೆ. ಯಾರದೂ ಹೆಸರು ಹೇಳಲಿಲ್ಲ, ಯಾರು ಎಂಥವರು ಎಂದೂ ಹೇಳಲಿಲ್ಲ. ಚಪ್ಪಾಳೆ ಇಲ್ಲ, ಆರ್ಗನ್ ಇಲ್ಲ. ಪಾಸ್ಟರ್ ಗಂಟಲು ಸರಿಮಾಡಿಕೊಂಡು ಮುಂದಿನ ಹಾಡಿನ ಪುಟ ಹೇಳಿದರು. ಮಿಸ್ ಓಪಲ್ ಮಾರನೆಯ ದಿನ ನನ್ನ ಜೊತೆ ಕೆಲಸಕ್ಕೆ ಬೇಕಾದಷ್ಟೇ ಮಾತಾಡಿದಳು.

ಈ ಮಂಗಳವಾರ ಕ್ಲೀವನ್ ಬರುವ ಹೊತ್ತಿಗೆ ನಾನು ಭಾವನ ಮನೆಯಲ್ಲೇ ಇದ್ದೆ, ಅವರ ತಲೆಗೆ ಎಣ್ಣೆ ಹಾಕುತ್ತಿದ್ದೆ. ಚರ್ಚಿನ ಸುದ್ದಿ ಅವನ ಕಿವಿಗೆ ಬಿದ್ದಿತ್ತು. ಕೆಲಸವೆಲ್ಲ ಮುಗಿದ ಮೇಲೆ ಇಬ್ಬರೂ ಹೊರಗೆ ಮೆಟ್ಟಿಲ ಮೇಲೆ ಕೂತೆವು. ಎರಡು ತಿಂಗಳಲ್ಲಿ ಮೊದಲ ಸಲ ನನ್ನ ಪಕ್ಕ ಕೂತ. ನಾನೇ ಬಾಯಿ ಬಿಟ್ಟೆ. ಮದುವೆ ಆಗೋಣ, ದೊಡ್ಡದಾಗಿ ಏನೂ ಬೇಡ, ನಿಮ್ಮ ಊರಿನಲ್ಲೇ ಆಗೋಣ ಅಂದೆ.

ಅವನು ಇಲ್ಲ ಅನ್ನಲಿಲ್ಲ. ಅವನಿಗೆ ಇನ್ನೂ ನನ್ನ ಮೇಲೆ ಮನಸ್ಸಿದೆ, ಅದು ಅವನ ಮುಖದಲ್ಲಿ ಕಾಣುತ್ತಿತ್ತು. "ಒಂದು ಮಾತು ಕೇಳ್ತೀನಿ. ಮದುವೆ ಆದ್ಮೇಲೆ ಒಂದಿನ ನಾನು ಹೇಳಿದ ಹೊತ್ತಿಗೆ ಮನೆಗೆ ಬರಲಿಲ್ಲ ಅಂದ್ಕೋ. ಫೋನೂ ಮಾಡಲಿಲ್ಲ. ನಿನ್ನ ತಲೇಲಿ ಮೊದಲು ಏನು ಬರುತ್ತೆ?" ಅಂದ.

ಬಸ್ ಕೆಟ್ಟಿರಬೇಕು ಎಂದು ಹೇಳಿದ್ದರೆ ಮುಗಿದಿತ್ತು. ಆ ಮಾತು ನಾಲಿಗೆಯ ಮೇಲೇ ಇತ್ತು. ಆದರೆ ಅದಕ್ಕಿಂತ ಮೊದಲು ಇನ್ನೊಂದು ಬಂತು, ಅಕ್ಕ. ಎಲ್ಲ ಗೊತ್ತಿದ್ದೂ, ಆ ಮೆಟ್ಟಿಲ ಮೇಲೆ ಕೂತೇ, ಯಾರ ಜೊತೆ ಇರಬಹುದು ಎಂದು ನನ್ನ ಮನಸ್ಸು ಕೇಳಿಬಿಟ್ಟಿತು. ಅವನು ನನ್ನ ಮುಖವನ್ನೇ ನೋಡುತ್ತಿದ್ದ, ಉತ್ತರವನ್ನು ಅಲ್ಲೇ ಓದಿಕೊಂಡ.

"ಪರವಾಗಿಲ್ಲ ಬಿಡು" ಎಂದು ಎದ್ದು, ಬೋಗುಣಿ ತೊಳೆದಿಡಲು ಒಳಗೆ ಹೋದ.

ಜೊನೆಲ್